ಖಾಲಿ ಬಿಟ್ಟ ಖಾನೆ

ಮೊಣಕಾಲು ನೋವು ತೋರಿಸಿಕೊಳ್ಳಲು ಈಚೆಗೆ ನಮ್ಮ ಹಳೆಯ ದವಾಖಾನೆಗೇ ಹೋಗಿದ್ದೆ. ಕೌಂಟರಿನಲ್ಲಿದ್ದಾಕೆ ನನ್ನ ಹೆಸರು ಒತ್ತಿ, ತಲೆ ಎತ್ತದೆಯೇ, "ನಿಮ್ಮ ರೆಕಾರ್ಡ್ ಇಲ್ಲ ಆಂಟಿ" ಅಂದಳು. ಮದುವೆಯಾದ ಮರುವರ್ಷದಿಂದ ಕೂದಲು ಬೆಳ್ಳಗಾಗುವವರೆಗೆ ಅದೇ ಕಟ್ಟಡದೊಳಗೆ ಕೂತು ಎದ್ದವಳಿಗೆ ಆ ಮಾತು ಚುರ್ ಎಂದಿತು. ಇದ್ದೇನೆ ತಾಯಿ, ನೀನು ಹುಡುಕಿದ ರೀತಿಯಲ್ಲಿ ಸಿಗುತ್ತಿಲ್ಲ ಅಷ್ಟೆ, ಅನ್ನಬೇಕೆನಿಸಿತು. ಹಿಂದೆ ಸಾಲು ಬೆಳೆದಿತ್ತು. ಬಾಯಿ ಮುಚ್ಚಿಕೊಂಡು ಹೊಸ ಚೀಟಿ ಮಾಡಿಸಿಕೊಂಡೆ. ಅಲ್ಲಿ ಆಡದೆ ಬಂದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ. ಆ ಕುರ್ಚಿಯಲ್ಲಿ ಇನ್ನು ಮುಂದೆ ಕೂಡುವವರು ಓದಿದರೆ ಓದಲಿ.

ನನ್ನದು ದಾಖಲೆ ವಿಭಾಗ. ಯಾದಗಿರಿಯ ಒಂದು ಖಾಸಗಿ ದವಾಖಾನೆ, ಹೆಸರು ಬೇಡ. ಶಹಾಪುರದಲ್ಲಿ ಒಂದು, ಸುರಪುರದಲ್ಲಿ ಒಂದು ಶಾಖೆ ಇದ್ದವು. ಹಿಂದೊಮ್ಮೆ ಬಂದುಹೋದ ರೋಗಿ ಮತ್ತೆ ಬಂದರೆ ಅವರ ಹಳೆಯ ವಿವರ ಹುಡುಕಿ ಡಾಕ್ಟರ ಮೇಜಿಗೆ ಕಳಿಸುವುದು ನನ್ನ ಕೆಲಸ. ಸಿಕ್ಕರೆ ಯಾರೂ ಶಹಬ್ಬಾಸ್ ಅನ್ನುವುದಿಲ್ಲ. ಸಿಗದಿದ್ದರೆ ಎಲ್ಲರೂ ಬಯ್ಯುತ್ತಾರೆ. ಈ ಕೆಲಸಕ್ಕೆ ಬರುವವರು ಇದನ್ನು ಮೊದಲೇ ತಿಳಿದುಕೊಂಡರೆ ನಿದ್ದೆ ಚೆನ್ನಾಗಿ ಬರುತ್ತದೆ.

ನಾನು ಸೇರಿದಾಗ ಕಂಪ್ಯೂಟರ್ ಇರಲಿಲ್ಲ. ಕಟ್ಟಿಗೆಯ ಉದ್ದನೆ ಟ್ರೇಗಳಲ್ಲಿ ರಟ್ಟಿನ ಕಾರ್ಡುಗಳಿದ್ದವು. ವಿಭಾಗದ ಹಿರಿಯರು ಗಫೂರ್ ಸಾಹೇಬರು. ತೆಳ್ಳಗಿನ ಆಳು, ಇಸ್ತ್ರಿ ಮುರಿಯದ ಅಂಗಿ, ನಗು ಅಪರೂಪ. ಕಾರ್ಡುಗಳನ್ನು ಅವರು ಹೆಸರಿನ ಪ್ರಕಾರ ಜೋಡಿಸದೆ ಊರಿನ ಪ್ರಕಾರ ಜೋಡಿಸಿದ್ದರು. ಸಗರದವರೆಲ್ಲ ಒಂದು ಟ್ರೇ, ಅಬ್ಬೆತುಮಕೂರಿನವರು ಇನ್ನೊಂದು, ಭೀಮರಾಯನಗುಡಿ ಕ್ಯಾಂಪಿನವರು ಮತ್ತೊಂದು. ಹೀಗೇಕೆ ಎಂದು ಕೇಳಿದ್ದೆ.

"ಹೆಸರು ನಂಬಿ ಕುಂತ್ರ ಹೆಣ್ಮಕ್ಕಳು ಸಿಗಂಗೇ ಇಲ್ರಿ ಸುವರ್ಣಾಬಾಯಿ" ಅಂದಿದ್ದರು. "ಊರು ಹಿಡೀರಿ. ಕಾರ್ಡ್ ತಿರುವಿ ಹಾಕ್ಕೋತ ಹೋದ್ರ ಯಾವಾಗರೆ ಕೈಗೆ ಬೀಳ್ತದ."

ಅವರ ಮಾತು ನನಗೆ ತಕ್ಷಣ ಅರ್ಥವಾಯಿತು, ಏಕೆಂದರೆ ನನ್ನ ಮೇಲೇ ಅದು ನಡೆದಿತ್ತು. ನಮ್ಮ ಕಡೆಯ ಎಷ್ಟೋ ಮನೆತನಗಳಲ್ಲಿ ಮದುವೆಯ ದಿನ ಹೆಣ್ಣಿನ ಹೆಸರು ಬದಲಿಸುತ್ತಾರೆ. ತಟ್ಟೆಯಲ್ಲಿ ಹರವಿದ ಅಕ್ಕಿಯ ಮೇಲೆ ಗಂಡ ಉಂಗುರದಿಂದ ಹೊಸ ಹೆಸರು ಬರೆಯುತ್ತಾನೆ. ಬಂದವರೆಲ್ಲ ಓದಿ ಚಂದ ಅದ ಅನ್ನುತ್ತಾರೆ. ತವರಿನ ಶಂಕ್ರಮ್ಮ ನಾನು ಹೀಗೆ ಸುವರ್ಣಾ ಆದೆ. ಹಳೆಯ ಹೆಸರಿನಿಂದ ಕರೆಯುವವರು ಈಗ ಯಾರೂ ಉಳಿದಿಲ್ಲ. ಚೊಚ್ಚಲ ಹೆರಿಗೆಗೆ ಹೆಣ್ಣು ತವರಿಗೆ ಬರುತ್ತಾಳಲ್ಲ, ಆಗ ತವರಿನವರು ಹಳೆಯ ಹೆಸರು ಬರೆಸುತ್ತಾರೆ. ಎರಡನೆಯ ಸಲ ಗಂಡನ ಮನೆಯವರು ಕರೆತಂದು ಹೊಸ ಹೆಸರು ಬರೆಸುತ್ತಾರೆ. ಮೊದಲ ಕಾರ್ಡಿನಲ್ಲಿ ಬರೆದ ಬಿ.ಪಿ. ಎರಡನೆಯ ಸಲದ ಡಾಕ್ಟರಿಗೆ ಗೊತ್ತೇ ಆಗುತ್ತಿರಲಿಲ್ಲ. ಅದರಿಂದ ಕೆಟ್ಟದ್ದೂ ಆಗಿದೆ. ಆ ಕಥೆಗಳನ್ನು ಬರೆಯಲು ನನಗೆ ಮನಸ್ಸಿಲ್ಲ.

ಆಮೇಲೆ ಕಂಪ್ಯೂಟರ್ ಬಂತು. ಕಾರ್ಡುಗಳನ್ನು ಮೂಟೆ ಕಟ್ಟಿ ಮಹಡಿಯ ಮೆಟ್ಟಿಲ ಕೆಳಗೆ ಒಗೆದರು. ಪರದೆಯ ತುಂಬ ಸಣ್ಣ ಸಣ್ಣ ಚೌಕಗಳು: ಹೆಸರು, ತಂದೆ ಅಥವಾ ಗಂಡನ ಹೆಸರು, ಊರು, ವಯಸ್ಸು, ಫೋನ್. ಆ ಚೌಕಗಳಿಗೆ ಗಫೂರ್ ಸಾಹೇಬರು ಖಾನೆ ಅನ್ನುತ್ತಿದ್ದರು, ನಾವೂ ಹಾಗೇ ಅಂದೆವು. ಹೊಸ ರೋಗಿಯನ್ನು ಬರೆದುಕೊಳ್ಳುವುದೂ, ಹಳೆಯವರನ್ನು ಹುಡುಕುವುದೂ ಅದೇ ಪುಟದಲ್ಲಿ. ಮೇಲಿನ ಸಾಲಿನ ಒಂದು ಕೀ ಒತ್ತಿದರೆ ಖಾನೆಗಳೆಲ್ಲ ಖಾಲಿಯಾಗಿ ಪುಟ ಹುಡುಕಲು ತಯಾರಾಗುತ್ತಿತ್ತು. ಗೊತ್ತಿದ್ದದ್ದನ್ನು ತುಂಬಿ ಪಕ್ಕದ ಕೀ ಒತ್ತಿದರೆ ಹೊಂದುವ ದಾಖಲೆಗಳು ಬರುತ್ತಿದ್ದವು. ಹೆಸರು ಪೂರ್ತಿ ಗೊತ್ತಿಲ್ಲದಿದ್ದರೆ ಶೇಕಡಾ ಚಿಹ್ನೆ ಹಾಕಬೇಕು. ಅದು ಏನು ಬೇಕಾದರೂ ಇರಲಿ ಎಂದು ಹೇಳಿದ ಹಾಗೆ.

ಮೊದಲ ಕೀ ಒತ್ತುವುದನ್ನು ಮರೆತರೆ ಮಾತ್ರ ಮುಗಿಯಿತು. ನಮ್ಮಲ್ಲಿ ಒಬ್ಬ ಗುಮಾಸ್ತ ಹಾಗೇ ಮರೆತು, ಹೆಸರಿನ ಖಾನೆಯಲ್ಲಿ ಶೇಕಡಾ ಚಿಹ್ನೆ, ಊರಿನ ಖಾನೆಯಲ್ಲಿ ಸುರಪುರ ಎಂದು ಹಾಕಿ ಉಳಿಸಿಬಿಟ್ಟ. ಹುಡುಕಲು ಹೋದವನು ಹೊಸ ರೋಗಿಯನ್ನೇ ಹುಟ್ಟಿಸಿದ್ದ. ಆ ರೋಗಿಗೆ ನಂಬರೂ ಬಂತು. ಕಣ್ಣಿನ ಶಿಬಿರಕ್ಕೆ ಬನ್ನಿ ಎಂದು ಶ್ರೀ ಶೇಕಡಾ, ಸುರಪುರ, ಇವರಿಗೆ ಅಂಚೆಯಲ್ಲಿ ಆಮಂತ್ರಣವೂ ಹೋಯಿತು. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆದರೆ ಸ್ವಲ್ಪ ದಿನಕ್ಕೆ ಸುರಪುರದ ಒಬ್ಬ ಮುದುಕ ರಕ್ತದ ರಿಪೋರ್ಟಿಗೆ ಬಂದು ಬೆಂಚಿನ ಮೇಲೆ ಕೂತ. ಬೆಳಗ್ಗೆ ಕೂತವನು ಸಂಜೆಯಾದರೂ ಎದ್ದಿರಲಿಲ್ಲ. ಅವನ ರಿಪೋರ್ಟು ಆ ಇಲ್ಲದ ರೋಗಿಯ ನಂಬರಿಗೆ ಸೇರಿತ್ತು. ಅದನ್ನು ನಾವು ಹುಡುಕಿ ತೆಗೆಯುವಷ್ಟರಲ್ಲಿ ಅವನು ಕೊನೆಯ ಬಸ್ಸಿಗೆ ಹೊರಟುಹೋಗಿದ್ದ. ಮತ್ತೆ ಬರಲಿಲ್ಲ. ರಿಪೋರ್ಟಿನಲ್ಲಿ ಒಳ್ಳೆಯ ಸುದ್ದಿ ಇರಲಿಲ್ಲ. ಆಮೇಲೆ ಆ ಆಮಂತ್ರಣದ ಮಾತು ತೆಗೆದು ಯಾರೂ ನಗಲಿಲ್ಲ.

ಈ ಪುಟದಲ್ಲಿ ಹುಡುಕುವುದರ ಒಳಗುಟ್ಟು ಒಂದೇ. ತುಂಬಿದ ಪ್ರತಿಯೊಂದು ಖಾನೆಯೂ ತಾಳೆಯಾಗಬೇಕು. ಒಂದು ತಪ್ಪಿದರೂ ಪರದೆ ದಾಖಲೆ ಇಲ್ಲ ಅನ್ನುತ್ತದೆ. ಜನ ತಮಗೆ ಗೊತ್ತಿದ್ದದ್ದನ್ನೆಲ್ಲ ಹೇಳುತ್ತಾರೆ, ಹೆಚ್ಚು ಹೇಳಿದಷ್ಟು ಬೇಗ ಸಿಗುತ್ತದೆಂದು ನಂಬುತ್ತಾರೆ. ಇಲ್ಲಿ ನಡೆಯುವುದು ಉಲ್ಟಾ. ಹೆಚ್ಚು ತುಂಬಿದಷ್ಟು ಕಡಿಮೆ ಸಿಗುತ್ತದೆ. ಖಾತ್ರಿ ಇಲ್ಲದ ಖಾನೆಯನ್ನು ಖಾಲಿ ಬಿಡಬೇಕು. ನನಗೆ ಇದು ತಲೆಗೆ ಹೋಗಲು ವರ್ಷಗಳೇ ಬೇಕಾದವು.

ಆದರೆ ಖಾಲಿ ಬಿಡುವುದಕ್ಕೂ ಮಿತಿ ಇದೆ. ಒಂದು ದಿನ ಶಹಾಪುರದ ಶಾಖೆಯಲ್ಲಿ ಯಾರೋ ಏನನ್ನೂ ತುಂಬದೆ ಎರಡೂ ಕೀ ಒತ್ತಿದರು. ಅಂದರೆ ಇದ್ದಬದ್ದ ರೋಗಿಗಳನ್ನೆಲ್ಲ ತಂದು ತೋರಿಸು ಎಂದು ಕೇಳಿದಂತೆ. ಮೂರೂ ಊರುಗಳ ಕಂಪ್ಯೂಟರ್‌ಗಳು ನಿಂತಲ್ಲೇ ನಿಂತವು. ಹೊಲದಲ್ಲಿ ಹಾವು ಕಡಿದ ಒಂದು ಸಣ್ಣ ಕೂಸನ್ನು ಅದೇ ಹೊತ್ತಿಗೆ ನಮ್ಮಲ್ಲಿಗೆ ತಂದಿದ್ದರು. ನಂಬರಿಲ್ಲದೆ ಔಷಧಿ ಕೊಡುವಂತಿಲ್ಲ ಎಂದು ಔಷಧಿ ಕೊಡುವವನು ಹಟ ಹಿಡಿದ. ಗಫೂರ್ ಸಾಹೇಬರು ಓಡಿಹೋಗಿ ಅವನ ಕೊರಳಪಟ್ಟಿ ಹಿಡಿದು ಇಂಜೆಕ್ಷನ್ ತಂದರು. ಕೂಸು ಉಳಿಯಿತು, ಎರಡು ಬೆರಳು ಉಳಿಯಲಿಲ್ಲ. ಅದರ ತಂದೆ ಹೋಗುವಾಗ ನಮ್ಮನ್ನೆಲ್ಲ ಒಮ್ಮೆ ನೋಡಿ ಹೋದ. ಬೈದಿದ್ದರೆ ಚೆನ್ನಾಗಿತ್ತು.

ಆ ದಿನದಿಂದ ಸಾಹೇಬರು ಬದಲಾದರು. ಕಂಪ್ಯೂಟರಿನವರನ್ನು ಕರೆಸಿ, ಹುಡುಕುವಾಗ ಹೆಸರು, ತಂದೆ ಅಥವಾ ಗಂಡನ ಹೆಸರು, ಊರು ಈ ಮೂರನ್ನೂ ತುಂಬಲೇಬೇಕು ಎಂದು ಕಟ್ಟು ಹಾಕಿಸಿದರು. ಒಂದು ಬಿಟ್ಟರೂ, ಬರೀ ಶೇಕಡಾ ಚಿಹ್ನೆ ಹಾಕಿದರೂ ಪುಟ ಮುಂದೆ ಹೋಗುತ್ತಿರಲಿಲ್ಲ. ಅವರೊಬ್ಬರ ಪಾಸ್‌ವರ್ಡಿಗೆ ಮಾತ್ರ ಈ ಕಟ್ಟು ಇರಲಿಲ್ಲ. ಕಾರ್ಡು ತಿರುವಿ ಹಾಕಿ ಅಂದಿದ್ದ ಮನುಷ್ಯ ಈಗ, "ಒಂದ್ ಖಾನಿನೂ ಖಾಲಿ ಬಿಡಬ್ಯಾಡ್ರಿ" ಎಂದು ದಿನಾ ಹೇಳತೊಡಗಿದರು. ನನಗೆ ಸಿಟ್ಟು ಬರುತ್ತಿತ್ತು. ಆ ಕೂಸಿನ ಕೈ ನೆನಪಾದರೆ ಸುಮ್ಮನಾಗುತ್ತಿದ್ದೆ.

ಭೀಮವ್ವ ಬಂದದ್ದು ಇದಾದ ಮೇಲೆ.

ಸಗರದ ಹೆಂಗಸು, ನನ್ನ ವಯಸ್ಸಿನವಳು. ಹಣೆಯ ಮೇಲೆ ವಿಭೂತಿ, ಕಂಕುಳಲ್ಲಿ ಬಟ್ಟೆಯ ಚೀಲ. ಕಿಟಕಿಯ ಹತ್ತಿರ ನಿಂತು ಬಹಳ ಹೊತ್ತು ನನ್ನನ್ನೇ ನೋಡಿದಳು. ಏನು ಬೇಕಾಗಿತ್ತು ಎಂದು ನಾನೇ ಕೇಳಿದೆ.

"ನಮ್ ತಂಗೀದು ಏನರೆ ಬರದಿಟ್ಟೀರೇನು ನೋಡ್ರಿ ಅಕ್ಕೋರ. ಹುಲಿಗೆವ್ವ ಅಂತ. ಗಂಡನ ಮನ್ಯಾಗ ಭಾಗ್ಯಶ್ರೀ ಅಂತ ಹೆಸರಿಟ್ಟಿದ್ರು. ಕಾಮಣಿ ಆಗಿ ಮೈಕಣ್ಣೆಲ್ಲ ಹಳದಿ ಆಗಿತ್ತಂತ. ಇಲ್ಲಿ ತಂದು ಹಾಕಿದ್ರಂತ, ಗುಣಾ ಆಗಂಗಿಲ್ಲ ಅಂತ ಹೊಳ್ಳಿ ಒಯ್ಯಾಕತ್ತಿದ್ರಂತ. ದಾರ್ಯಾಗ ಹೋದ್ಳು. ನನಗ ಮಣ್ಣಿಗಿ ಸುದ್ದಾ ಕರೀಲಿಲ್ರಿ."

ತಾಯಿ ತಂದೆ ಬೇಗ ತೀರಿಕೊಂಡಿದ್ದರು. ತಂಗಿಯನ್ನು ಬೆಳೆಸಿದವಳು ಇವಳೇ. ಸುರಪುರದ ಕಡೆಗೆ ಕೊಟ್ಟಿದ್ದಳು. ಅಲ್ಲಿ ತಂಗಿ ಸುಖವಾಗಿಲ್ಲ ಎಂದು ತಿಳಿದು, ಹೋಗಿ ಬೀಗರ ಜೊತೆ ಜಗಳ ತೆಗೆದು, ನಡಿ ಮನೆಗೆ ಎಂದು ಕರೆದಿದ್ದಳು. ತಂಗಿ ಎಲ್ಲರ ಎದುರಿಗೆ, ಇನ್ನು ಈ ಹೊಸ್ತಿಲು ತುಳಿಯಬೇಡ ಅಂದಳಂತೆ. ಅದೇ ಅಕ್ಕ ತಂಗಿಯರ ಕೊನೆಯ ಮಾತು.

"ದವಾಖಾನ್ಯಾಗ ಇದ್ದಾಗ ಆಕಿನೇ ಹೇಳಿದ್ಳಂತ, ಅಕ್ಕನ ಮಾರಿ ನೋಡಂಗಿಲ್ಲ, ಆಕಿಗಿ ತಿಳಸಬ್ಯಾಡ್ರಿ ಅಂತ. ಬೀಗರು ಹಂಗಂತಾರ. ಖರೆನೋ ಸುಳ್ಳೋ ನನಗ ಗೊತ್ತಿಲ್ಲ. ಜೋಡಿ ಯಾರದಾರ, ಯಾರಿಗಿ ತಿಳಸಬೇಕು ಅಂತ ನೀವು ಕೇಳಿ ಬರಕೋತೀರಂತಲ್ಲ. ಅದ್ರಾಗ ಆಕಿ ನನ್ನ ಹೆಸರು ತಗದಿದ್ಳೋ ಇಲ್ಲೋ, ಅಷ್ಟ ಹೇಳ್ರಿ. ಮತ್ತೇನೂ ಬ್ಯಾಡ ನನಗ."

ಅರ್ಜಿ ಬರೆಸಿ ಹೆಬ್ಬೆಟ್ಟು ಒತ್ತಿಸಿಕೊಂಡೆ. ಭಾಗ್ಯಶ್ರೀ, ಗಂಡನ ಹೆಸರು, ಅವನ ಊರು ತುಂಬಿದೆ. ದಾಖಲೆ ಇಲ್ಲ. ಹುಲಿಗೆವ್ವ ಎಂದು ಮಾಡಿ ಗಂಡನ ಹೆಸರು, ಊರು ಹಾಗೇ ಇಟ್ಟೆ. ಇಲ್ಲ. ಹುಲಿಗೆವ್ವ, ತಂದೆಯ ಹೆಸರು, ಸಗರ. ಇಲ್ಲ. ಶಹಾಪುರ, ಸುರಪುರದ ಶಾಖೆಗಳಲ್ಲೂ ಇಲ್ಲ. ಪ್ರತಿ ಸಲ ಕೀ ಒತ್ತಿದಾಗಲೂ ಭೀಮವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. ಇಲ್ಲ ಅಂದರೆ ತಂಗಿ ಬಂದೇ ಇರಲಿಲ್ಲ ಎಂದಲ್ಲ, ನಾವು ತುಂಬಿದ್ದು ಹೊಂದಲಿಲ್ಲ ಅಷ್ಟೆ ಎಂದು ತಿಳಿಸಿ ಹೇಳಿದೆ. ಅವಳಿಗೆ ಅದು ಅರ್ಥವಾಗಲಿಲ್ಲ. ಬರೆದಿಟ್ಟಿದ್ದರೆ ಇರಬೇಕು, ಇಲ್ಲದಿದ್ದರೆ ಇಲ್ಲ. ಅವಳ ಲೆಕ್ಕ ಅಷ್ಟೇ.

ಸಿಕ್ಕರೆ ಫೋನ್ ಮಾಡುತ್ತೇನೆ, ಸುಮ್ಮನೆ ಬಸ್ಸಿನ ಧೂಳು ಕುಡಿಯಬೇಡ ಎಂದೆ.

"ಬ್ಯಾಡ್ರಿ, ನಾನೇ ಬರ್ತೀನಿ. ಗೊತ್ತಿಲ್ಲದ ನಂಬರ್ ಬಂದ್ರ ನಾ ಎತ್ತಂಗೇ ಇಲ್ಲ. ಆ ಜಗಳ ಆದಾಗಿಂದ ಬೀಗರು ಯಾರ್ಯಾರದೋ ಫೋನಿಂದ ಹಚ್ಚಿ ಹೊಲಸ ಹೊಲಸ ಬೈತಾರ. ಬಡಕೊಂಡ್ ಬಡಕೊಂಡ್ ಅದೇ ಸುಮ್ಮನಾಗ್ತದ" ಅಂದಳು.

ವಾರಕ್ಕೊಮ್ಮೆ ಬರತೊಡಗಿದಳು. ಪ್ರತಿ ಸಲವೂ ಹೊಸದೇನಾದರೂ ನೆನಪು ಮಾಡಿಕೊಂಡು ಬರುತ್ತಿದ್ದಳು: ತಂಗಿಯ ವಯಸ್ಸು, ಗಂಡನ ಅಡ್ಡಹೆಸರು, ತಂಗಿಯ ಕೈ ಮೇಲಿನ ಹಚ್ಚೆ. ಎಲ್ಲ ತುಂಬಿಸು ಅನ್ನುತ್ತಿದ್ದಳು. ನನಗೆ ಬೇಕಾದದ್ದು ತುಂಬುವುದಲ್ಲ, ಬಿಡುವುದು. ಕೊನೆಗೆ ಸಾಹೇಬರ ಹತ್ತಿರ ಹೋಗಿ ಕೇಳಿದೆ. ಊರೊಂದನ್ನೇ ಇಟ್ಟು ಹುಡುಕಬೇಕು, ನಿಮ್ಮ ಪಾಸ್‌ವರ್ಡ್ ಹಾಕಿಕೊಡಿ ಅಂದೆ.

"ಆಗಂಗಿಲ್ರಿ. ಹಾವು ಕಡದ ಕೂಸಿನ್ನ ಮರತ್ರೇನು?"

"ಮರತಿಲ್ರಿ. ಈಕಿನೂ ಮುಂದ ನಿಂತಾಳ್ರಿ ಸಾಹೇಬ್ರ. ವಾರಾ ವಾರಾ ಬರ್ತಾಳ."

ಅವರು ಮುಂದಿದ್ದ ಕಾಗದ ಎತ್ತಿಕೊಂಡು ಓದತೊಡಗಿದರು. ಎರಡು ವಾರ ಹಾಗೇ ಹೋಯಿತು. ಒಂದು ಶುಕ್ರವಾರ, ಮಧ್ಯಾಹ್ನದ ನಮಾಜಿಗೆ ಹೊರಟವರು ನನ್ನ ಮೇಜಿನ ಹತ್ತಿರ ನಿಂತರು. ಬಗ್ಗಿ ತಮ್ಮ ಪಾಸ್‌ವರ್ಡ್ ಒತ್ತಿದರು. "ಈಗ ಕೌಂಟರ್ ಬಂದ್ ಅದ. ನಾ ಬರೂದ್ರಾಗ ಮುಗಸ್ರಿ" ಎಂದು ಟೋಪಿ ಸರಿಮಾಡಿಕೊಳ್ಳುತ್ತ ಹೋದರು.

ಆ ವಾರವೂ ಬಂದು ಹೊರಗೆ ಕೂತಿದ್ದ ಭೀಮವ್ವನನ್ನು ಒಳಗೆ ಕರೆದು ಪಕ್ಕದ ಸ್ಟೂಲಿನ ಮೇಲೆ ಕೂಡಿಸಿದೆ. ಊರು ಸಗರ, ಹೆಣ್ಣು, ತಂಗಿ ತೀರಿಕೊಂಡ ತಿಂಗಳು. ಉಳಿದ ಖಾನೆಗಳನ್ನು ಖಾಲಿ ಬಿಟ್ಟೆ. ಕಂಪ್ಯೂಟರ್ ಬಹಳ ಹೊತ್ತು ತೆಗೆದುಕೊಂಡಿತು. ಆಮೇಲೆ ಸಗರದ ಹೆಂಗಸರು ಒಬ್ಬೊಬ್ಬರಾಗಿ ಬಂದರು. ಕಾರ್ಡು ತಿರುವಿದ ಹಾಗೆ ಕೆಳಗಿನ ಬಾಣದ ಕೀ ಒತ್ತುತ್ತ ಹೋದೆ. ನಾನು ಹೆಸರು ಓದುತ್ತಿದ್ದೆ. ಭೀಮವ್ವ, ಈಕಿ ನಮ್ಮ ಓಣಿಯಾಕಿ, ಈಕಿ ತಳವಾರ ಮನಿಯಾಕಿ, ಈಕಿ ಈಗಿಲ್ಲ, ಎಂದು ಹೇಳುತ್ತಿದ್ದಳು.

ಹುಲಿಗೆವ್ವ ಬಂದಳು. ಊರು ಸಗರ. ತಂದೆ ಅಥವಾ ಗಂಡನ ಹೆಸರು ಬರೆಯುವ ಖಾನೆಯಲ್ಲಿ ಭೀಮವ್ವ ಎಂದಿತ್ತು.

ಅಷ್ಟು ವರ್ಷದಲ್ಲಿ ಆ ಖಾನೆಯಲ್ಲಿ ಒಬ್ಬ ಅಕ್ಕನ ಹೆಸರನ್ನು ನಾನು ನೋಡಿರಲಿಲ್ಲ. ಕರೆತಂದವರು ಹೊರಗೆ ಗಾಡಿ ನಿಲ್ಲಿಸುತ್ತಿದ್ದರೋ, ಚಹಾಕ್ಕೆ ಹೋಗಿದ್ದರೋ, ವಿವರ ಹೇಳಿದವರು ರೋಗಿಯೇ ಎಂದು ನಮೂದಾಗಿತ್ತು. ಬರೆದುಕೊಂಡವರು ತಂದೆಯ ಹೆಸರೇನು, ಗಂಡನ ಹೆಸರೇನು ಎಂದು ಕೇಳಿರಬೇಕು. ಇವಳು ಅಕ್ಕನ ಹೆಸರು ಹೇಳಿದ್ದಾಳೆ. ಅಕ್ಕಿಯ ಮೇಲೆ ಬರೆದ ಹೆಸರೂ ಬೇಡ, ಬರೆದವನ ಹೆಸರೂ ಬೇಡ, ಅವನ ಊರೂ ಬೇಡ ಎಂದು ಎಲ್ಲವನ್ನೂ ಬಿಟ್ಟು, ಅಕ್ಕ ಬೆಳೆಸಿದ ಹುಲಿಗೆವ್ವನಾಗಿ ಮಂಚದ ಮೇಲೆ ಮಲಗಿದ್ದಾಳೆ.

"ನಿನ್ನ ಹೆಸರು ತಗದಾಳ ಭೀಮವ್ವ" ಅಂದೆ. "ಯಾರಿಗಿ ತಿಳಸಬೇಕು ಅಂದಲ್ಲೂ ನಿಂದೇ ಹೆಸರು ಅದ."

ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ಪರದೆಯ ಹತ್ತಿರ ಬಗ್ಗಿದಳು. ಅಕ್ಷರ ಬರದಿದ್ದರೂ ಅಂಕಿ ಗೊತ್ತಿತ್ತು. ಒಂದೊಂದೇ ಅಂಕಿಯ ಮೇಲೆ ಬೆರಳಿಟ್ಟು, "ಇದು ನಂದೇ ನಂಬರ್ರಿ" ಅಂದಳು.

ಅದರ ಕೆಳಗೆ ಇನ್ನೊಂದು ಖಾನೆ ಇತ್ತು, ಷರಾ ಬರೆಯುವುದು. ನಾನು ಆಗಲೇ ಓದಿಯಾಗಿತ್ತು. ರೋಗಿ ಕೇಳಿಕೊಂಡಿದ್ದರಿಂದ ಈ ನಂಬರಿಗೆ ಎರಡು ಸಲ ಕರೆ ಮಾಡಲಾಗಿದೆ, ಎತ್ತಲಿಲ್ಲ ಎಂದು ಇಂಗ್ಲಿಷಿನಲ್ಲಿ ಬರೆದಿದ್ದರು.

"ನಂಬರ್ ಕೊಟ್ಟಾಳಲ್ರಿ ಆಕಿ. ಮತ್ತ ನನಗ ಯಾಕ ಹಚ್ಚಲಿಲ್ಲ? ಅದರ ಸುದ್ದಿ ಏನ್ ಬರದಾರ?"

ಬಡಕೊಂಡ್ ಬಡಕೊಂಡ್ ಅದೇ ಸುಮ್ಮನಾಗ್ತದ ಎಂದ ಅವಳ ಮಾತು ನನ್ನ ಕಿವಿಯಲ್ಲೇ ಇತ್ತು. ಓದಿ ಹೇಳುವುದು ನನ್ನ ಕೆಲಸ. ಹುಡುಕಿದ್ದನ್ನು ಪೂರ್ತಿ ಕೊಡಬೇಕು, ಅದಕ್ಕೇ ಸಂಬಳ. ನನ್ನಿಂದ ಆಗಲಿಲ್ಲ.

"ಆ ಖಾನಿ ಖಾಲಿ ಅದವಾ. ಏನೂ ಬರದಿಲ್ಲ" ಅಂದೆ.

ಇದನ್ನು ತಪ್ಪೊಪ್ಪಿಗೆ ಎಂದು ಓದಬೇಡಿ. ಇವತ್ತು ಮತ್ತೆ ಬಂದು ಕೇಳಿದರೂ ಅದನ್ನೇ ಹೇಳುತ್ತೇನೆ.

ಭೀಮವ್ವ ಎದ್ದಳು. ಅಷ್ಟು ವಾರ ಅಕ್ಕೋರ ಅಕ್ಕೋರ ಎಂದು ಮೆತ್ತಗೆ ಮಾತಾಡಿದ್ದವಳ ಧ್ವನಿ ಪಡಸಾಲೆಯ ತುಂಬ ಕೇಳಿಸಿತು.

"ಸಾಯಾಕತ್ತಾಕಿ ಅಕ್ಕನ್ನ ಕರೀರಿ ಅಂದಾಳ. ಒಂದ್ ಫೋನ್ ಹಚ್ಚಾಕ ನಿಮ್ಮ ಕೈ ಸೇದಿ ಹೋಗಿದ್ವೇನು? ಹಚ್ಚಿದ್ರ ನಾ ಓಡಿ ಬರ್ತಿದ್ದಿಲ್ಲೇನು? ನಿಮ್ಮ ದವಾಖಾನಿ ಹಾಳಾಗಿ ಹೋಗಲಿ. ನಿಮ್ಮ ಮನ್ಯಾಗಿನವರಿಗೂ ಹಿಂಗೇ ಆಗಲಿ."

ಬೆಂಚುಗಳ ಮೇಲಿದ್ದವರೆಲ್ಲ ತಿರುಗಿ ನೋಡಿದರು. ನಾನು ತಲೆ ತಗ್ಗಿಸಿ ಕೂತೆ. ಅವಳು ಚೀಲ ಎತ್ತಿಕೊಂಡು ಹೊರಗೆ ಹೋದಳು. ನಮಾಜು ಮುಗಿಸಿ ಬರುತ್ತಿದ್ದ ಗಫೂರ್ ಸಾಹೇಬರು ಬಾಗಿಲಲ್ಲೇ ಅದನ್ನೆಲ್ಲ ಕೇಳಿಸಿಕೊಂಡಿದ್ದರು. ನೇರ ಬಂದು ಪರದೆ ಓದಿದರು.

"ಎರಡ್ ಸಲ ಹಚ್ಚ್ಯಾರಲ್ರಿ ನಮ್ಮವರು. ಬರದದ ಇಲ್ಲಿ."

"ಹೌದ್ರಿ."

"ಓದಿ ಹೇಳಲಿಲ್ಲ?"

"ಇಲ್ರಿ." ಗೊತ್ತಿಲ್ಲದ ನಂಬರನ್ನು ಅವಳು ಯಾಕೆ ಎತ್ತುತ್ತಿರಲಿಲ್ಲ ಎಂಬುದನ್ನು ಹೇಳಿದೆ.

ಅವರ ಮುಖ ಸಡಿಲವಾಗಲಿಲ್ಲ. "ನಾಳಿ ಪೂರಾ ಸಗರ ಮಾತಾಡ್ತದ, ನಮ್ಮ ದವಾಖಾನಿಯವರು ಕಲ್ಲು ಅಂತ. ಮಾಡಿದ ಕೆಲಸಕ್ಕ ಬೈಸ್ಕೋಬೇಕೇನ್ರಿ? ದಾಖಲೆ ಅಂದ್ರ ಪೂರಾ ದಾಖಲೆ. ಅರ್ಧಾ ಹೇಳೂದು, ಅರ್ಧಾ ಮುಚ್ಚೂದು, ಇದು ನಮ್ಮ ಕೆಲಸ ಅಲ್ಲ." ನನ್ನ ಉತ್ತರಕ್ಕೆ ಕಾಯದೆ ಪ್ರಿಂಟ್ ಕೊಟ್ಟರು. ನಮ್ಮ ಹಳೆಯ ಪ್ರಿಂಟರು ಕಿರ್ರೆನ್ನುತ್ತ ಒಂದೊಂದೇ ಸಾಲು ಕಾರಿತು. ಕಾಗದ ಹರಿದುಕೊಂಡು, ಷರಾದ ಸಾಲಿನ ಕೆಳಗೆ ಪೆನ್ನಿನಿಂದ ಗೀಟು ಹೊಡೆದು ಹೊರಗೆ ಹೋದರು. ಬೇಡ ಎಂದು ಹಿಂದೆ ಓಡಬೇಕೆನಿಸಿತು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಅದಕ್ಕೇ ಕಾಲು ಏಳಲಿಲ್ಲ.

ಸ್ವಲ್ಪ ಹೊತ್ತಿಗೆ ತಿರುಗಿ ಬಂದರು. ಕಾಗದ ಕೈಯಲ್ಲೇ ಇತ್ತು. ಅದನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ತುರುಕಿಕೊಂಡರು. ಕುರ್ಚಿ ಎಳೆದು ಕೂತು, ತಮ್ಮ ಪಾಸ್‌ವರ್ಡ್‌ನಿಂದ ತೆರೆದಿದ್ದ ಪುಟ ಮುಚ್ಚಿದರು.

"ಹೋಗ್ಯಾಳ" ಅಂದರು. "ನಾ ಹೋಗೂದ್ರಾಗ ಬಸ್ ಹತ್ತಿಬಿಟ್ಟಿದ್ಳು."

ಅವರ ಬೆನ್ನ ಹಿಂದಿನ ಕಿಟಕಿಯಲ್ಲಿ ಬೇವಿನ ಗಿಡದ ಕಟ್ಟೆ ಕಾಣುತ್ತಿತ್ತು. ಭೀಮವ್ವ ಅದರ ಮೇಲೆ ಕೂತಿದ್ದಳು. ಚೀಲ ಪಕ್ಕದಲ್ಲಿತ್ತು, ಫೋನನ್ನು ಉಡಿಯಲ್ಲಿಟ್ಟುಕೊಂಡು ಅದನ್ನೇ ನೋಡುತ್ತಿದ್ದಳು.

"ಹೌದ್ರಿ ಸಾಹೇಬ್ರ" ಅಂದೆ. "ಹೋಗ್ಯಾಳ."